ನಿಂತಲ್ಲೇ ಸಿಕ್ಕಿದ ಕೊಂಕೊಹೆಮಾ

ಈ ಸಭೆಯ ಅಧ್ಯಕ್ಷರೂ ನಮ್ಮ ನ್ಸುವಾನೊ ಕಡಲದಂಡೆಯ ಬೆಸ್ತರಿಗೆಲ್ಲ ಯಜಮಾನರೂ ಆದ ನಾನಾ ಎಜಿರ್ ಅವರೇ. ಜಿಲ್ಲಾ ಕಚೇರಿಯಿಂದ ಬಂದು, ಬಂದ ಗಳಿಗೆಯಿಂದ ಮೂಗಿಗೆ ಕರವಸ್ತ್ರ ಹಿಡಿದೇ ಕುಳಿತಿರುವ ಮುಖ್ಯ ಅತಿಥಿಗಳೇ. ಆಮಂತ್ರಣ ಪತ್ರಿಕೆ ಬರೆದುಕೊಟ್ಟ ಮಾಸ್ಟರ್ ಕ್ವಾಂಸಾ ಅವರೇ. ದೋಣಿಗಳ ಒಡೆಯರೇ, ದೋಣಿ ನಡೆಸುವ ಬೋಸನ್‌ಗಳೇ. ಮೀನಿನ ಬಾಣಲೆ ಬೋರಲು ಹಾಕಿ, ಪೆಟ್ಟಿಗೆಯ ತಳದ ಬಟ್ಟೆ ತೆಗೆದು ಉಟ್ಟು ಬಂದಿರುವ ನನ್ನ ಅಕ್ಕತಂಗಿಯರೇ. ಜಾಗ ಸಾಲದೆ ಕಿಟಕಿಯ ಸರಳಿಗೆ ಜೋತುಬಿದ್ದಿರುವ ಸಭಿಕರೇ. ಮತ್ತು ಅಗೋ, ಅಲ್ಲಿ, ಆ ಎತ್ತರದ ಕುರ್ಚಿಯಲ್ಲಿ, ಕೊಡೆಯ ಕೆಳಗೆ ಕುಳಿತಿರುವ ಈ ದಿನದ ಸನ್ಮಾನಿತೆ ಎಕುವಾ ಬೊಟ್ವೆ.

ಯಾರದು ಹಿಂದಿನ ಸಾಲಿನಲ್ಲಿ ಪಿಸುಗುಟ್ಟಿದ್ದು? "ಎಲ್ಲರಿಗೂ ಅವರೇ ಅಂದ್ಲು, ಎಕುವಾಗೆ ಮಾತ್ರ ಅನ್ನಲಿಲ್ಲ!" ಕೇಳಿಸಿತು. ನನ್ನ ಮಂಡಿ ಹೋಗಿರಬಹುದು, ಕಿವಿ ಹೋಗಿಲ್ಲ. ಅನ್ನಲಿಲ್ಲ, ನಿಜ. ಚಿಕ್ಕಂದಿನಲ್ಲಿ ಅವಳ ಮೂಗು ಒರೆಸಿದ ಕೈ ಇದು. ಅವಳ ಹಿಂದೆ "ಅವರೇ" ಹಚ್ಚಬೇಕಾದರೆ ಅದಕ್ಕೊಂದು ಕ್ರಮವಿದೆ. ಆ ಕ್ರಮ ಇಗೋ, ಈ ಡಬ್ಬಿಯೊಳಗಿದೆ.

ಕಾಣಿಸುತ್ತಿದೆಯೆ? ಮೇಲೆತ್ತಿ ಹಿಡಿಯುತ್ತೇನೆ. ಕಿಟಕಿಯವರೂ ನೋಡಿ. ಇದರಲ್ಲಿರುವುದು ಬಿಳಿ ಸೇಡಿ. ಹಳ್ಳದ ಬುಡದಿಂದ ಮಣ್ಣು ತೆಗೆದು, ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದ ಪುಡಿ. ಈ ದಂಡೆಗೆ ಕೊಂಕೊಹೆಮಾ ಆಗುವವಳ ತೋಳಿಗೆ, ಕೊರಳಿಗೆ, ಬೆನ್ನಿಗೆ ಇದು ಬೀಳಬೇಕು. ಅದೂ ನಮ್ಮ ಮನೆಯ ಹೆಣ್ಣಿನ ಕೈಯಿಂದಲೇ ಬೀಳಬೇಕು. ಬಿತ್ತೋ, ಅವಳು ಹೇಳಿದ್ದೇ ಈ ದಂಡೆಯಲ್ಲಿ ಮೀನಿನ ಬೆಲೆ. ಗಂಡಸರು ತುಟಿ ಎರಡು ಮಾಡುವಂತಿಲ್ಲ. ಬೀಳಲಿಲ್ಲವೋ, ಅವಳೂ ನಮ್ಮ ನಿಮ್ಮ ಹಾಗೆ ಬಾಣಲೆ ಹೊರುವ ಒಬ್ಬ ಹೆಂಗಸು. ಕುರ್ಚಿ ಎತ್ತರದ್ದಾದ ಮಾತ್ರಕ್ಕೆ ಏನು? ಕಾಗೆಯೂ ತೆಂಗಿನ ಮರದ ಮೇಲೆಯೇ ಕೂರುತ್ತದೆ.

ಕಾರ್ಯಕ್ರಮ ಪಟ್ಟಿಯಲ್ಲಿ ಹೀಗೆ ಅಚ್ಚಾಗಿದೆ: "ಆಂಟಿ ಅರಬಾ ಅವರಿಂದ ಕೊಂಕೊಹೆಮಾ ಎಂಬ ಪದದ ಅರ್ಥ ಕುರಿತು ಕಿರುಭಾಷಣ, ಬಳಿಕ ಸೇಡಿ ಹಚ್ಚುವುದು." ಮೊದಲು ಮಾತು, ಬಳಿಕ ಸೇಡಿ. ಮಾತು ಮುಗಿಯದೆ ಮುಚ್ಚಳ ತೆರೆಯುವುದಿಲ್ಲ. ಮಾತು ಯಾವಾಗ ಮುಗಿಯುತ್ತದೆ? ಆಹಾ, ಕೇಳಿದಿರಲ್ಲ, ಅದು ಒಳ್ಳೆಯ ಪ್ರಶ್ನೆ!

ಈ ಸಮಾರಂಭವನ್ನು ಮಂಗಳವಾರ ಇಟ್ಟುಕೊಳ್ಳಿ ಎಂದು ನಾನು ಬಾಯಿ ಬಡಿದುಕೊಂಡೆ. ಮಂಗಳವಾರ ಕಡಲು ಮಲಗುವ ದಿನ. ಒಂದು ದೋಣಿಯೂ ನೀರಿಗಿಳಿಯುವುದಿಲ್ಲ. ಸಭೆ ಸಮಾರಂಭಗಳಿಗೆ ಹೇಳಿ ಮಾಡಿಸಿದ ದಿನ. ಆದರೆ ಮುಖ್ಯ ಅತಿಥಿಗಳಿಗೆ ಗುರುವಾರವೇ ಬಿಡುವಂತೆ. ಬೂತಾಯಿ ಮೀನು ಮೇಲೇಳುವ ಆಗಸ್ಟ್ ತಿಂಗಳಲ್ಲಿ, ಅರ್ಧ ದೋಣಿಗಳು ಕಡಲಲ್ಲಿರುವಾಗ, ಗುರುವಾರ! ಇರಲಿ. ಸರ್ಕಾರದವರ ಬಿಡುವಿಗೆ ಕಡಲು ಕಾಯುತ್ತದೆಯೋ ನೋಡೋಣ.

ಈಗ ಪದಕ್ಕೆ ಬರೋಣ.

ಮಾಸ್ಟರ್ ಕ್ವಾಂಸಾ ಆಮಂತ್ರಣದಲ್ಲಿ ಬರೆದಿದ್ದಾರೆ: ಕೊಂಕೊ ಎಂದರೆ ಚಿಲ್ಲರೆ ವ್ಯಾಪಾರ, ಹೆಮಾ ಎಂದರೆ ಆಳುವ ಹೆಣ್ಣು, ಎರಡೂ ಕೂಡಿದರೆ ಚಿಲ್ಲರೆ ವ್ಯಾಪಾರವನ್ನು ಆಳುವ ಹೆಣ್ಣು. ಬಹಳ ಸರಿ ಮಾಸ್ಟರ್, ಬಹಳ ಸರಿ. ಮೀನಿನ ತಲೆ ಕತ್ತರಿಸಿ ಈ ಕಡೆ ಇಟ್ಟಿರಿ, ಬಾಲ ಕತ್ತರಿಸಿ ಆ ಕಡೆ ಇಟ್ಟಿರಿ. ಸಾರಿಗೆ ಹಾಕುವ ನಡುತುಂಡು ಎಲ್ಲಿ ಹೋಯಿತು? ಬೆಕ್ಕು ತಿಂದಿತೆ?

ಬೋಸನ್ ಎಂಬ ಮಾತು ನಿಮಗೆಲ್ಲ ಗೊತ್ತು. ದೋಣಿ ನಡೆಸುವವನು ಬೋಸನ್. ಆ ಮಾತು ಎಲ್ಲಿಂದ ಬಂತು? ಬಿಳಿಯರ ಹಡಗಿನಿಂದ ಇಳಿಯಿತು; ಸೀಟಿ ಊದಿ ಆಳುಗಳನ್ನು ಎಬ್ಬಿಸುವವನಿಗೆ ಅವರಲ್ಲಿ ಆ ಹೆಸರು. ನಮ್ಮ ಗಂಡಸರು ಅವರ ಹಡಗಿನಲ್ಲಿ ದುಡಿದರು, ಬರುವಾಗ ಒಂದು ಟೋಪಿಯನ್ನೂ ಈ ಮಾತನ್ನೂ ಮನೆಗೆ ತಂದರು. ಆದರೆ ಕೊಂಕೊಹೆಮಾ? ಅದು ಯಾವ ಹಡಗಿನಿಂದಲೂ ಇಳಿದ ಮಾತಲ್ಲ. ಗಂಡಸರು ಎರವಲು ಹೆಸರು ಹೊತ್ತು ದಂಡೆಗೆ ಬಂದಾಗ, ಆ ಮಾತು ಮೊಣಕಾಲುದ್ದದ ನೀರಿನಲ್ಲಿ ಸೊಂಟಕ್ಕೆ ಕೈಯಿಟ್ಟು, "ಏನು ತಂದ್ಯಪ್ಪ, ತೋರಿಸು" ಎಂದು ಮೊದಲೇ ನಿಂತಿತ್ತು.

ಚಪ್ಪಾಳೆ ಸಾಕು, ಸಾಕು. ಇದು ನನ್ನ ಮಾತಲ್ಲ, ನನ್ನ ಅಜ್ಜಿಯದು.

ನನ್ನ ಅಜ್ಜಿ ನಾನಾ ತಾಚಿವಾ! ಹೆಸರು ಹೇಳಿದರೆ ಇಂದಿಗೂ ಹಳೆಯ ಬೋಸನ್‌ಗಳು ಟೋಪಿ ತೆಗೆಯುತ್ತಾರೆ. ಆಕೆ ಈ ದಂಡೆಯ ಕೊಂಕೊಹೆಮಾ; ಗಂಡಾಗಲಿ ಹೆಣ್ಣಾಗಲಿ, ಪಟ್ಟಕ್ಕೇರಿದವರ ಹೆಸರಿನ ಮುಂದೆ ನಮ್ಮಲ್ಲಿ ನಾನಾ ಎಂದು ಸೇರಿಸಬೇಕು. ದಿನದ ಮೊದಲ ದೋಣಿ ಬಂತೆಂದರೆ ಒಬ್ಬಳೇ ನೀರಿಗಿಳಿಯುತ್ತಿದ್ದಳು. ಮೀನಿನ ರಾಶಿಗೆ ಮೊಣಕೈವರೆಗೆ ಕೈ ಇಳಿಸಿ, ತಳದ ಒಂದು ಮೀನು ಎಳೆದು, ಮೂಗಿಗೆ ಹಿಡಿದು, ಬೋಸನ್ ಮುಖ ನೋಡುತ್ತಿದ್ದಳು. ಬೆಲೆ ಹೇಳುತ್ತಿರಲಿಲ್ಲ. "ನಿನ್ನ ಹೆಂಡ್ತಿ ಹುಷಾರಾಗಿದ್ದಾಳಾ?" ಎನ್ನುತ್ತಿದ್ದಳು. "ಹುಷಾರು ನಾನಾ." "ಮತ್ತೆ ಅವಳಿಗೂ ಇದನ್ನೇ ತಿನ್ನಿಸ್ತೀಯಾ?" ಅಷ್ಟೇ! ಬೆಲೆ ತಾನಾಗಿಯೇ ಇಳಿಯುತ್ತಿತ್ತು. ಅಲ್ಲಿ ಕುದುರಿದ್ದೇ ಆ ದಿನ ಎಲ್ಲ ದೋಣಿಗಳಿಗೂ, ಎಲ್ಲ ಹೆಂಗಸರಿಗೂ ಬೆಲೆ.

ಆಕೆಯನ್ನು ಹಿಡಿದ ದಿನದ ಕಥೆ ನಮ್ಮ ಮನೆಯಲ್ಲಿ ಹಬ್ಬದ ಊಟದ ಹಾಗೆ. ಮುಖ್ಯ ಅತಿಥಿಗಳಿಗೆ ಹೇಳುತ್ತೇನೆ, ನಮ್ಮವರಿಗೆ ಗೊತ್ತಿದ್ದದ್ದೇ: ಕೊಂಕೊಹೆಮಾ ಪಟ್ಟವನ್ನು ಯಾರೂ ಕೈಚಾಚಿ ಪಡೆಯುವುದಿಲ್ಲ. ಹಿರಿಯ ಹೆಂಗಸರು ಗುಟ್ಟಾಗಿ ಒಬ್ಬಳನ್ನು ಆರಿಸುತ್ತಾರೆ. ಒಂದು ಬೆಳಗ್ಗೆ ಗುಂಪು ಕಟ್ಟಿ, ಹಾಡುತ್ತ ಹೋಗಿ ಅವಳನ್ನು ಹಿಡಿಯುತ್ತಾರೆ. ಮಾನವಂತೆಯಾದವಳು ಏನು ಮಾಡಬೇಕು? ಓಡಬೇಕು! ಅಡಗಬೇಕು! "ನಾನೊಲ್ಲೆ, ನನ್ನನ್ನು ಬಿಡಿ" ಎಂದು ಕೂಗಬೇಕು! ನಿಂತಲ್ಲೇ ಸಿಕ್ಕವಳು, ಪಟ್ಟಕ್ಕೆ ಬಾಯಿ ಬಿಟ್ಟುಕೊಂಡು ಕಾದಿದ್ದಳು ಎಂದಾಯಿತಲ್ಲವೆ? ನನ್ನ ಅಜ್ಜಿ ಓಡಿದಳು ನೋಡಿ, ತೆಂಗಿನ ತೋಪು ದಾಟಿ, ಉಪ್ಪಿನ ಗದ್ದೆ ದಾಟಿ, ಹಿನ್ನೀರಿನ ಕಾಂಡ್ಲಾ ಪೊದೆಗಳ ತನಕ! ಸೊಂಟದವರೆಗೆ ಕೆಸರಿನಲ್ಲಿ ಹೂತುಕೊಂಡು, ಸೆರಗಿಗೆ ಏಡಿ ಕಚ್ಚಿಸಿಕೊಂಡು ನಿಂತಿದ್ದವಳನ್ನು ಎಳೆದು ತಂದು ಸೇಡಿ ಸುರಿದರು.

"ಅಷ್ಟು ದೂರ ಯಾಕೆ ಓಡಿದೆ ಅಜ್ಜಿ? ನಿಂಗೆ ಬೇಡವಾಗಿತ್ತಾ?" ಎಂದು ಕೇಳಿದ್ದೆ.

"ಬೇಡದೆ ಏನೇ ಹುಚ್ಚಿ! ಎಷ್ಟು ದೂರ ಬಂದು ಹಿಡೀತಾರೆ ಅಂತ ನೋಡ್ಬೇಕಿತ್ತು. ನಾಳೆ ನಾನೊಂದು ಬೆಲೆ ಹೇಳಿದಾಗ ಇವರು ನನ್ನ ಹಿಂದೆ ನಿಲ್ತಾರೋ ಇಲ್ವೋ ಅಂತ ಬೇರೆ ಹೇಗೆ ಗೊತ್ತಾಗಬೇಕು?"

ಮಾಸ್ಟರ್, ಇದನ್ನು ಬರೆದುಕೊಳ್ಳಿ. ನಡುತುಂಡು ಇಲ್ಲಿದೆ.

ಈಗ ಹೋದ ವರ್ಷಕ್ಕೆ ಬರೋಣ. ನನ್ನ ಅಜ್ಜಿಯ ಬಳಿಕ ಪಟ್ಟಕ್ಕೆ ಬಂದಿದ್ದ ಕೊಂಕೊಹೆಮಾ ತೀರಿಕೊಂಡು, ಸೂತಕ ಕಳೆದು, ಜಾಗ ಖಾಲಿಯಿತ್ತು. ಯಾರಾಗಬೇಕು? ಕೊಂಕೊಹೆಮಾಳ ಮೊಮ್ಮಗಳು ಯಾರು? ಈ ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಮೀನು ಹೊಗೆಹಾಕುವ ಒಲೆ ಯಾರದು? ಗಂಟಲು ಯಾರದು? ಈ ಮೈಕು ಕೆಟ್ಟಿದೆ ಎಂದು ಈಗಷ್ಟೇ ಪಕ್ಕಕ್ಕೆ ಇಟ್ಟರು, ಹಿಂದಿನವರಿಗೆ ಕೇಳಿಸುತ್ತಿಲ್ಲವೆ? ಕೇಳಿಸುತ್ತಿದೆ! ಎಕುವಾ ಮಾತಾಡಿದರೆ ಪಕ್ಕದಲ್ಲಿರುವ ಮೀನಿಗೂ ಕೇಳಿಸುವುದಿಲ್ಲ.

ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ನನಗೆ ಹೊಟ್ಟೆಕಿಚ್ಚೆ? ದಿನವಿಡೀ ಒಲೆಗಳ ಮುಂದೆ ಕೂರುವ ನನಗೆ ಬೇರೆ ಕಿಚ್ಚು ಯಾಕೆ ಬೇಕು?

ಹಿರಿಯ ಹೆಂಗಸರು ನನ್ನ ಮನೆಗೆ ಬಂದರು. ಎಲೆಯಲ್ಲಿ ಸುತ್ತಿ ಬೇಯಿಸಿದ ಡೊಕೊನೊ ಕಡುಬು ಬಿಚ್ಚಿಟ್ಟೆ, ಕರಿದ ಮೀನು ಇಟ್ಟೆ, ಮೆಣಸಿನ ಚಟ್ನಿ ಇಟ್ಟೆ. ಬೆರಳು ನೆಕ್ಕಿ ತಿಂದರು. ಹೋಗುವಾಗ ಹೊಸಿಲಲ್ಲಿ ನಿಂತು, "ಅರಬಾ, ಸೇಡಿ ಕುಟ್ಟಿಡಮ್ಮ. ಗುರುವಾರ ಬೆಳಗ್ಗೆ ಬರ್ತೀವಿ" ಎಂದರು. ಸಭಿಕರೇ, ನೀವೇ ಹೇಳಿ, ಇದರ ಅರ್ಥವೇನು? ಗುರುವಾರ ಬೆಳಗ್ಗೆ ಬರ್ತೀವಿ! ನನ್ನ ಮನೆಗೆ ಬರ್ತೀವಿ! ಸೇಡಿ ಕುಟ್ಟುವುದು ತಲೆಮಾರುಗಳಿಂದ ನಮ್ಮ ಮನೆಯ ಕೆಲಸ, ಅದಕ್ಕೇ ಕೇಳಿದರು ಎಂದು ಈಗ ಹೇಳುತ್ತಾರೆ. ಈಗ ಹೇಳುತ್ತಾರೆ! ಆವತ್ತು ಒಬ್ಬಳಾದರೂ ನನ್ನ ಮುಖ ನೋಡದೆ, ನೆಲ ನೋಡುತ್ತ ಯಾಕೆ ಹೋದಳು?

ಕುಟ್ಟಿದೆ. ಅಂಥ ಸೇಡಿ ಈ ಊರು ಕಂಡಿರಲಿಲ್ಲ. ಮುಟ್ಟಿದರೆ ಮಗುವಿನ ಕೆನ್ನೆ!

ಗುರುವಾರ ಬೆಳಗ್ಗೆ ಹಾಡು ಕೇಳಿಸಿತು. ನಾನು ಯಾರ ಮೊಮ್ಮಗಳು? ಅಡಗಿದೆ! ಮಂಡಿನೋವಿನವಳು ಹಿನ್ನೀರಿನ ತನಕ ಓಡಲಾರೆ. ಆದರೆ ಕ್ರಮ ಬಿಡಬಾರದು. ಹಿತ್ತಲಿನ ದೊಡ್ಡ ಒಲೆ ಆರಿತ್ತು. ಹೊಸ ಬಟ್ಟೆ ಉಟ್ಟಿದ್ದೆ, ಕೊರಳಿಗೆ ಅಜ್ಜಿಯ ಮಣಿಸರ ಹಾಕಿದ್ದೆ. ಒಲೆಯ ಬಾಯಲ್ಲಿ ನುಸುಳಿ ಒಳಗೆ ಕುಕ್ಕರಿಸಿದೆ. ಸೇಡಿ ಡಬ್ಬಿ ಮಡಿಲಲ್ಲಿ. ಹೊರಗೆ ಬಿಟ್ಟರೆ ಕೋಳಿ ಕೆದಕುವುದಿಲ್ಲವೆ?

ಗುಂಪು ಬಂತು. ಹಾಡು ಬಾಗಿಲಿಗೇ ಬಂತು. "ಆಂಟಿ ಅರಬಾ!" ಎಂದು ಕರೆದರು. ಕೇಳಿದಿರಾ? ನನ್ನ ಹೆಸರು ಹಿಡಿದು ಕರೆದರು! ಒಂದೇ ಕೂಗಿಗೆ ಓಗೊಟ್ಟು ಹೊರಬರುವವಳು ಹೆಣ್ಣೆ, ಕೋಳಿಮರಿಯೆ? ಉಸಿರು ಬಿಗಿಹಿಡಿದೆ. "ಆಂಟಿ ಅರಬಾ, ಎಲ್ಲಿದ್ದೀರಾ? ಡಬ್ಬಿ ಎಲ್ಲಿಟ್ಟಿದ್ದೀರಾ?" ಡಬ್ಬಿಯ ಮಾತೂ ಆಡಿದರು, ಇಲ್ಲವೆನ್ನುವುದಿಲ್ಲ. ಗುಂಪಿನ ಗಲಾಟೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇನ್ನೂ ಹುಡುಕುತ್ತಾರೆ, ಹಿತ್ತಲಿಗೆ ಬರುತ್ತಾರೆ, ಒಲೆಯೊಳಗೆ ಇಣುಕುತ್ತಾರೆ, ನಾನು "ಒಲ್ಲೆ, ಒಲ್ಲೆ" ಎನ್ನುತ್ತೇನೆ, ಕಾಲು ಹಿಡಿದು ಎಳೆಯುತ್ತಾರೆ ಎಂದು ಕಾದೆ. ಕಾದೆ. ಒಬ್ಬಳ ದನಿ: "ಇಲ್ಲ ಕಣ್ರೇ, ಮನೇಲಿಲ್ಲ. ಹೊತ್ತಾಗ್ತಿದೆ, ನಡೀರಿ."

ಹಾಡು ದೂರವಾಯಿತು.

ನನ್ನ ಅಜ್ಜಿಯನ್ನು ಹಿಡಿಯಲು ಹಿನ್ನೀರಿನ ತನಕ ಹೋದರು. ನನ್ನನ್ನು ಹಿಡಿಯಲು ಬಾಗಿಲ ತನಕ ಬಂದರು. ಬಾಗಿಲ ತನಕ.

ನೀರು ಬೇಡ, ಆ ಲೋಟ ಮುಖ್ಯ ಅತಿಥಿಗಳ ಮುಂದೆಯೇ ಇಡಿ.

ಅತ್ತ ಎಕುವಾ ಬೊಟ್ವೆ ಏನು ಮಾಡುತ್ತಿದ್ದಳು? ಓಡಿದಳೆ? ಅಡಗಿದಳೆ? ದಂಡೆಯ ಮೇಲೆ ನಿಂತಿದ್ದಳು! ಆಗಷ್ಟೇ ಒಂದು ದೋಣಿ ಬಂದಿತ್ತು, ಬೂತಾಯಿಯ ರಾಶಿ ಮರಳ ಮೇಲೆ ಬಿದ್ದಿತ್ತು, ಬಿಸಿಲು ಏರುತ್ತಿತ್ತು. ಗುಂಪು ಅವಳನ್ನು ಸುತ್ತಿತು. ಆಮೇಲೆ ನನಗೆ ಹೇಳಿದವರು ಒಬ್ಬಿಬ್ಬರಲ್ಲ. "ಓಡೇ ಎಕುವಾ, ಓಡಬೇಕು ನೀನು!" ಎಂದು ಹೆಂಗಸರೇ ಕೂಗಿದರಂತೆ. ಇವಳು ಏನೆಂದಳು ಗೊತ್ತೆ? "ಓಡಿದ್ರೆ ಮೀನು ಯಾರು ನೋಡ್ತಾರೆ, ನಿಮ್ಮಪ್ಪನಾ? ಮುಟ್ಟಬೇಡ್ರೇ, ಕೈಯೆಲ್ಲ ಮೀನು. ಮೊದಲು ಈ ಬಾಣಲೆ ನೆರಳಿಗೆ ಹೋಗ್ಲಿ, ಆಮೇಲೆ ನನ್ನನ್ನ ಏನಾದ್ರೂ ಮಾಡ್ಕೊಳ್ಳಿ!"

ಇದು ಒಂದು ಮಾತೆ? ಪಟ್ಟ ಬಂದು ತೋಳು ಹಿಡಿದಾಗ ಆಡುವ ಮಾತೆ? ನಾನು ಒಲೆಯೊಳಗೆ ಮೂರು ಸಲ "ಒಲ್ಲೆ" ಎನ್ನುವುದನ್ನು ಬೇರೆ ಬೇರೆ ದನಿಯಲ್ಲಿ ಅಭ್ಯಾಸ ಮಾಡಿಕೊಂಡಿದ್ದೆ!

ಸುರಿಯಲು ಸೇಡಿ ಇಲ್ಲ. ಸೇಡಿ ಎಲ್ಲಿತ್ತು? ನನ್ನ ಮಡಿಲಲ್ಲಿತ್ತು. ಆಗ ಯಾವಳೋ ಜಾಣೆ, ಇಲ್ಲೇ ಇದ್ದಾಳೆ, ಹೆಸರು ಹೇಳುವುದಿಲ್ಲ, ಬ್ರೆಡ್ಡು ಮಾಡುವವಳ ಗುಡಿಸಲಿಗೆ ಓಡಿ ಮೈದಾಹಿಟ್ಟು ತಂದಳು. ಹಿಟ್ಟು! ಸಭಿಕರೇ, ಗೋಧಿ ಹಿಟ್ಟು! ಎಕುವಾ ಬೊಟ್ವೆಯ ತಲೆಯ ಮೇಲೆ ಹಿಟ್ಟು ಸುರಿದು, "ನಮ್ಮ ಕೊಂಕೊಹೆಮಾ!" ಎಂದು ಕುಣಿದರು. ನಾನು ಒಲೆಯಿಂದ ಹೊರಬಂದು, ಕುಂಟುತ್ತ ದಂಡೆಗೆ ಬಂದೆ. ಅವಳು ತಲೆಯಿಂದ ಕಾಲವರೆಗೆ ಬಿಳಿ. ನಾನು ತಲೆಯಿಂದ ಕಾಲವರೆಗೆ ಮಸಿ. ಕೈಯಲ್ಲಿ ಈ ಡಬ್ಬಿ. ಇಡೀ ದಂಡೆ ನಮ್ಮಿಬ್ಬರನ್ನು ನೋಡಿತು.

ಯಾರೋ ಕಿಸಕ್ಕೆಂದರು. ಇವತ್ತೂ ನಗುತ್ತಿದ್ದೀರಿ. ನಗಿ.

ಆ ಸಂಜೆ ಅವಳು ನನ್ನ ಮನೆಗೆ ಬಂದಳು. ಕೂದಲಲ್ಲಿ ಹಿಟ್ಟು ಹಾಗೆಯೇ ಇತ್ತು. "ಅಕ್ಕಾ, ಬೆನ್ನು ತಿರುಗಿಸು" ಎಂದಳು. ತೆಂಗಿನ ನಾರು ತೆಗೆದುಕೊಂಡು ನನ್ನ ಬೆನ್ನಿನ ಮಸಿ ತಿಕ್ಕಿದಳು. ಎಲ್ಲಿದ್ದೆ ಎಂದು ಕೇಳಲಿಲ್ಲ. ಯಾಕೆ ಹಾಗಾಯಿತು ಎಂದು ಕೇಳಲಿಲ್ಲ. ಒಂದೇ ಒಂದು ಮಾತೂ ಕೇಳಲಿಲ್ಲ! ಇದಕ್ಕಿಂತ ದೊಡ್ಡ ಅವಮಾನ ಬೇರೆ ಇದೆಯೆ? ಅಣಕಿಸಿದ್ದರೆ ಕೂದಲು ಹಿಡಿದು ಜಗಳವಾಡಬಹುದಿತ್ತು. ಬೆನ್ನು ತಿಕ್ಕಿದವಳ ಜೊತೆ ಹೇಗೆ ಜಗಳವಾಡುವುದು?

ಆದರೂ ಕ್ರಮ ಎಂದರೆ ಕ್ರಮ. ಮರುದಿನ ದಂಡೆಯಲ್ಲಿ ನಿಂತು ನಾನು ಹೇಳಿದೆ: "ಹಿಟ್ಟು ಹಾಕಿದ್ರೆ ರೊಟ್ಟಿ ಆಗುತ್ತೆ, ಕೊಂಕೊಹೆಮಾ ಆಗಲ್ಲ!" ಆ ಮಾತು ಗಾಳಿಗಿಂತ ಬೇಗ ಹರಡಿತು. ನಮ್ಮ ಒಲೆಬೀದಿಯ ಹೆಂಗಸರೆಲ್ಲ ನನ್ನ ಕಡೆ ನಿಂತರು. ಮಾರುಕಟ್ಟೆ ಬೀದಿಯವರು ಎಕುವಾ ಕಡೆ. ಅವಳು ಒಂದು ಬೆಲೆ ಹೇಳಿದರೆ ನಮ್ಮವರು ಅದಕ್ಕಿಂತ ಮೇಲೆ ಹೇಳಿ ಮೀನು ಎತ್ತಿದರು. ಅವರು ನಮ್ಮ ಮೇಲೆ ಹೇಳಿದರು. ಬೋಸನ್‌ಗಳಿಗೆ ಹಬ್ಬ! ಬೋಸನ್ ಕ್ವಾಮೆನಾ, ಮೊದಲ ಸಾಲಿನ ಆ ಖಾಲಿ ಕುರ್ಚಿಯಲ್ಲಿ ನೀವು ಕಾಲ ಮೇಲೆ ಕಾಲು ಹಾಕಿ ಕೂತಿರಬೇಕಿತ್ತು, ಕಡಲಿಗೆ ಹೋಗಿದ್ದೀರಿ ಎಂದರು, ನೀವಿಲ್ಲದಿದ್ದರೂ ಹೇಳುತ್ತೇನೆ. ಆತ ನಡುವೆ ನಿಂತು ಮೀಸೆ ತಿರುವುತ್ತ, "ಇನ್ನೊಂದೆರಡು ತಿಂಗಳು ಹೀಗೇ ಜಗಳ ಆಡ್ಕೊಂಡಿರಿ ತಾಯಂದಿರಾ, ನಾನು ಹೊಸ ದೋಣಿ ಇಳಿಸ್ತೀನಿ" ಎಂದ. ಇಳಿಸಿಯೂ ಬಿಟ್ಟ! ಹಳದಿ, ಕೆಂಪು ಬಣ್ಣ ಬಳಿದು, ಅದರ ಹೊಟ್ಟೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆಸಿದ: "ಥ್ಯಾಂಕ್ಯೂ ಅರಬಾ."

ಯಾಕೆ ನಗುತ್ತೀರಿ? ಈ ದಂಡೆಯಲ್ಲಿ ಎಷ್ಟೋ ದೋಣಿಗಳಿವೆ. ದೇವರ ಹೆಸರಿನ ದೋಣಿ ಇದೆ, ಸತ್ತ ತಾಯಂದಿರ ಹೆಸರಿನ ದೋಣಿ ಇದೆ. ಬದುಕಿರುವ ಹೆಣ್ಣಿನ ಹೆಸರಿರುವ ದೋಣಿ ಯಾವುದಿದೆ? ನನ್ನದೊಂದೇ! "ಥ್ಯಾಂಕ್ಯೂ ಎಕುವಾ" ಎಂದು ಯಾರಾದರೂ ಬರೆಸಿದ್ದಾರೆಯೆ? ಇಲ್ಲ! ನಾನು ದಿನವೂ ಆ ದೋಣಿ ಬರುವುದನ್ನು ನೋಡಲೆಂದೇ ದಂಡೆಗೆ ಹೋಗುತ್ತಿದ್ದೆ. ಒಂದು ದಿನ ನಮ್ಮ ಒಲೆಬೀದಿಯ ಹೆಂಗಸೊಬ್ಬಳು, ಖಾಲಿ ಬಾಣಲೆ ಹೊತ್ತವಳು, ನನ್ನ ಪಕ್ಕದಲ್ಲೇ ನಿಂತು ಆ ಅಕ್ಷರ ನೋಡುತ್ತ ಹೇಳಿದಳು: "ಆಂಟಿ, ಈ ವಾರ ನಾನು ಒಲೆ ಹಚ್ಚೇ ಇಲ್ಲ. ಈ ಬೆಲೆಗೆ ಮೀನು ತಗೊಂಡ್ರೆ ಸೌದೆ ದುಡ್ಡೂ ಹುಟ್ಟಲ್ಲ. ಅವನು ನಿಮಗೆ ಯಾಕೆ ಥ್ಯಾಂಕ್ಸ್ ಹೇಳ್ತಿದ್ದಾನೆ ಅಂತ ಗೊತ್ತಾಯ್ತಾ?"

ಬಾಯಿ ಜಾಸ್ತಿ ಆ ಹೆಂಗಸಿಗೆ.

ಈ ಜಗಳ ಮುಗಿಸಲೆಂದೇ ಈ ಸಮಾರಂಭ. ನಾನಾ ಎಜಿರ್ ಅವರು ಎರಡು ಸಲ ನನ್ನ ಮನೆಗೆ ಬಂದರು, ಹೆಂಗಸರು ಬಂದರು. "ಅರಬಾ, ನಿನ್ನ ಕೈಯಿಂದಲೇ ಹಚ್ಚಿಬಿಡು. ಅಲ್ಲಿಗೆ ದಂಡೆ ಒಂದಾಗುತ್ತೆ." ಆಗಲಿ ಎಂದೆ. ಎಂದೆನೇ ಹೊರತು ಹಚ್ಚುತ್ತೇನೆ ಎಂದು ಇನ್ನೂ ನಿರ್ಧರಿಸಿಲ್ಲ. ಬೆಚ್ಚಬೇಡಿ ನಾನಾ, ಮಾತು ಮುಗಿಯಲಿ. ಈ ಡಬ್ಬಿಯಲ್ಲಿರುವುದು ಹೋದ ವರ್ಷದ ಅದೇ ಸೇಡಿ. ಇದನ್ನು ನಾನು ಯಾರಿಗಾಗಿ ಕುಟ್ಟಿದ್ದು? ಬೇರೊಬ್ಬಳ ತೋಳಿಗೆ ಹಚ್ಚಲು ಅಷ್ಟು ನುಣ್ಣಗೆ ಕುಟ್ಟುತ್ತಿದ್ದೆನೆ?

ಮತ್ತೆ ಆ ಕುರ್ಚಿಯ ಕಡೆ ನೋಡಿ. ಕಮಿಟಿಯವರು ಅವಳಿಗೆ ಚಿನ್ನದ ಬಣ್ಣದ ಚಪ್ಪಲಿ ಕೊಟ್ಟಿದ್ದಾರೆ. ಪಟ್ಟಕ್ಕೆ ಕೂತವರ ಬರಿಗಾಲು ನೆಲ ಮುಟ್ಟಬಾರದು. ಮುಟ್ಟಿದರೆ ಊರಿಗೆ ಕೇಡು. ಅರಮನೆಯಲ್ಲಿ ಚಪ್ಪಲಿ ಕಳಚಿದರೆ ಪಟ್ಟವೇ ಕಳಚಿದ ಹಾಗೆ. ಈಗ ಅವಳ ಪಾದ ನೋಡಿ! ಮೇಜಿನ ಕೆಳಗೆ! ಚಪ್ಪಲಿ ಎಲ್ಲೋ, ಪಾದ ಎಲ್ಲೋ! ಕಾಲ್ಬೆರಳುಗಳು ಸಿಮೆಂಟಿನ ಮೇಲೆ ಮರಳು ಹುಡುಕುತ್ತಿವೆ! ಎಕುವಾ, ಎಳಕೊಳ್ಳಬೇಡ ಒಳಗೆ, ಎಲ್ಲರೂ ನೋಡಿಯಾಯಿತು. ಇದು ಆಳುವವಳ ಕಾಲೆ? ನನ್ನ ಅಜ್ಜಿಗೂ ಇಂಥ ಚಪ್ಪಲಿ ಕೊಟ್ಟಿದ್ದರು. ಆಕೆ ಅದನ್ನು ಗೋಡೆಯ ಮೊಳೆಗೆ ನೇತುಹಾಕಿದ್ದಳು, ಸಾಯುವ ತನಕ ಅಲ್ಲಿಯೇ ಇತ್ತು. ಅಟ್ಟೆಗೆ ಒಂದು ಮರಳಿನ ಕಣವೂ ತಾಕಿರಲಿಲ್ಲ. "ಇದನ್ನ ಹಾಕ್ಕೊಂಡು ನೀರಿಗೆ ಹೇಗೆ ಇಳೀಲಿ?" ಎನ್ನುತ್ತಿದ್ದಳು...

ಏನು ಹೇಳಲು ಹೊರಟಿದ್ದೆ ನಾನು?

ಚಪ್ಪಲಿಯ ಮಾತು ಬಿಡೋಣ. ಮುಖ್ಯವಾದ ಮಾತು ಬೇರೆ ಇದೆ: ಅವಳು ಓಡಲಿಲ್ಲ. ಸೇಡಿ ಹಚ್ಚುವ ಮೊದಲು ಓಟ ಇರಬೇಕು. ಹೋದ ವರ್ಷ ಓಡಲಿಲ್ಲ, ಈ ವರ್ಷ ಕುರ್ಚಿಯಲ್ಲಿ ಕೂತಿದ್ದಾಳೆ. ಕುರ್ಚಿಯಲ್ಲಿ ಕೂತವಳಿಗೆ ಸೇಡಿ ಹಚ್ಚಿದರೆ ಅದು ಪಟ್ಟವಲ್ಲ, ಮದುವೆಮನೆಯ ಅಲಂಕಾರ. ಆದ್ದರಿಂದ ನಾನಾ ಅವರೇ, ಸಭಿಕರೇ, ಬಹಳ ವಿಷಾದದಿಂದ, ನಮ್ಮ ಮನೆತನದ ಗೌರವವನ್ನು ನೆನೆದು ನಾನು ಈ ಡಬ್ಬಿಯನ್ನು...

ಅದೇನು?

ಕೊಂಬು! ದೋಣಿಯ ಕೊಂಬು! ಈ ಹೊತ್ತಿನಲ್ಲಿ ಯಾವ ದೋಣಿ? ಕಿಟಕಿಯವರೇ, ಕಡಲು ನಿಮಗೆ ಕಾಣುತ್ತದೆ, ಹೇಳಿ! ಹಳದಿ, ಕೆಂಪು... "ಥ್ಯಾಂಕ್ಯೂ ಅರಬಾ"? ಅಂಚಿನ ತನಕ ತುಂಬಿಕೊಂಡು ಬರುತ್ತಿದೆಯೆ? ಕೇಳಿದಿರಾ! ಈ ವರ್ಷದ ಬೂತಾಯಿಯ ಮೊದಲ ದೋಣಿ, ನನ್ನ ಹೆಸರಿನದು! ಆ ಕ್ವಾಮೆನಾಗೆ ಗೊತ್ತು ನಾವೆಲ್ಲ ಇಲ್ಲಿದ್ದೇವೆಂದು. ದಂಡೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಬಾಯಿಗೆ ಬಂದ ಬೆಲೆ ಹೇಳಿ ಹೊರಗಿನ ಲಾರಿಗೆ ಸುರಿಯುತ್ತಾನೆ!

ಎಕುವಾ, ಎಲ್ಲಿಗೆ? ಕೂತ್ಕೊ. ನನ್ನ ಮಾತು ಮುಗಿದಿಲ್ಲ. ಎಕುವಾ! ನಾನಾ, ನೋಡಿ, ಎದ್ದಳು! ಕೊಡೆಯವನನ್ನು ತಳ್ಳಿದಳು! ಮುಖ್ಯ ಅತಿಥಿಗಳ ನೀರಿನ ಲೋಟ ಹೋಯಿತು! ಸೆರಗು ಸೊಂಟಕ್ಕೆ ಬಿಗಿದಳು! ಚಪ್ಪಲಿ ಇಲ್ಲೇ, ಎರಡೂ ಇಲ್ಲೇ! ಬಾಗಿಲು ದಾಟಿದಳು! ಅವಳು, ಅವಳು ಓಡುತ್ತಿದ್ದಾಳೆ!

ಸುಮ್ಮನಿರಿ ಎಲ್ಲರೂ. ಯಾರೂ ಏಳಬೇಡಿ. ನಾನು ಕೇಳುವುದಕ್ಕೆ ಉತ್ತರ ಕೊಡಿ.

ಆ ಹೆಣ್ಣು ಈಗ ಮಾಡುತ್ತಿರುವುದೇನು? ಓಟ. ಜೋರಾಗಿ ಹೇಳಿ. ಓಟ! ನನ್ನ ಕೈಯಲ್ಲಿ ಸೇಡಿ ಡಬ್ಬಿ ಇತ್ತೆ? ಇತ್ತು. ಮುಚ್ಚಳ ತೆರೆದಿತ್ತೆ? ಇಗೋ, ಈಗ ತೆರೆದಿದೆ. ಸೇಡಿ ಕಂಡ ಹೆಣ್ಣು ಓಡಿದಳು. ನಾ ಒಲ್ಲೆ ಎಂದು ಓಡಿದಳು! ಅವಳು ಓಡಿದ್ದು ದೋಣಿಗೆ, ಸೇಡಿಗೆ ಹೆದರಿ ಅಲ್ಲ ಎಂದು ನಾಳೆ ಯಾವ ಬೋಸನ್ ಆದರೂ ಗೊಣಗಿದರೆ, ನನ್ನ ಎದುರು ಬಂದು ಗೊಣಗಲಿ. ಓಟ ನೋಡಿ ತೀರ್ಪು ಕೊಡುವುದು ನಮ್ಮ ಮನೆಯ ಹಕ್ಕು. ನಾನಾ ತಾಚಿವಾಳ ಮೊಮ್ಮಗಳು ಅರಬಾ ಹೇಳುತ್ತಿದ್ದೇನೆ: ಸೇಡಿಯಿಂದ ಓಡಿದಳು. ಮಾಸ್ಟರ್, ಹಾಗೆಂದೇ ಬರೆಯಿರಿ.

ಒಲೆಬೀದಿಯವರೇ, ಎದ್ದೇಳಿ! ಮಾರುಕಟ್ಟೆ ಬೀದಿಯವರೇ, ಹಾಡು ಎತ್ತಿ! ಓಡುವವಳನ್ನು ಹಿಡಿಯುವವರು ಬೇಕಲ್ಲ! ನನ್ನ ಅಜ್ಜಿಗಾಗಿ ಹಿನ್ನೀರಿನ ತನಕ ಹೋದರು. ನನಗಾಗಿ ಬಾಗಿಲ ತನಕ ಬಂದರು. ಎಕುವಾ ಬೊಟ್ವೆಗಾಗಿ ಎಲ್ಲಿಯ ತನಕ ಹೋಗುತ್ತಾರೆ? ನೀರಿನ ತನಕ! ಎದೆಮಟ್ಟದ ನೀರಿನ ತನಕ, ಈ ಹಾಳು ಮಂಡಿ ಎಳೆದುಕೊಂಡು, ಎಲ್ಲರಿಗಿಂತ ಮುಂದೆ ನಾನೇ ಹೋಗುತ್ತೇನೆ! ಹೋದ ವರ್ಷದ ನುಣುಪು ಸೇಡಿ, ಒಂದು ಚಿಟಿಕೆ ಉಳಿಸದೆ ಸುರಿಯುತ್ತೇನೆ. ಒಂದಿಷ್ಟು ನನ್ನ ಕಣ್ಣಿಗೂ ಬೀಳುತ್ತದೆ, ಬೀಳಲಿ, ಅಷ್ಟು ನನ್ನ ಪಾಲು. ಸುರಿದ ಮೇಲೆ ಆ ದೋಣಿಗೆ ಅವಳು ಹೇಳಿದ್ದೇ ಬೆಲೆ, ನಮ್ಮ ಬೀದಿಗೂ ಅದೇ ಬೆಲೆ. ಮತ್ತು ಕ್ವಾಮೆನಾ ಆ ಹೆಸರನ್ನು ಅಳಿಸುವುದಿದ್ದರೆ ಅಳಿಸಿಕೊಳ್ಳಲಿ. ಅಕ್ಷರ ಚೆನ್ನಾಗಿತ್ತು, ಅಷ್ಟೇ.

ಈ ಅವಕಾಶ ಕೊಟ್ಟ ಕಮಿಟಿಗೆ, ಇಷ್ಟು ಹೊತ್ತು ಸಹಿಸಿದ ಅಧ್ಯಕ್ಷರಿಗೆ, ಬಟ್ಟೆ ಒದ್ದೆಯಾದ ಮುಖ್ಯ ಅತಿಥಿಗಳಿಗೆ, ಕಾಯದೇ ಬಂದ ಕಡಲಿಗೆ ನನ್ನ ವಂದನೆಗಳು. ದಾರಿ ಬಿಡಿ, ದಾರಿ ಬಿಡಿ! ನಾನಾ ಎಕುವಾ ಅವರೇ! ಕೇಳಿಸುತ್ತಿದೆಯೆ? ನಿಲ್ಲಬೇಡಿ! ನಾನು ಬರುವ ತನಕ ಓಡುತ್ತಲೇ ಇರಿ!

ನಮಸ್ಕಾರ!